ಬಾಲ್ದಿ ಕಟ್ಟಿದ ಬೋಟು

ಸೇಠನ ಮೋಟಾರ್ ಬೋಟಿಗೆ ಮೆಲ್ಲಗೆ ಹೋಗುವುದು ಗೊತ್ತಿರಲಿಲ್ಲ. ಲಿವರ್ ಎಷ್ಟು ಇಳಿಸಿದರೂ ವೇಗ ಜಾಸ್ತಿಯೇ. ಇನ್ನೂ ಇಳಿಸಿದರೆ ಎಂಜಿನ್ ಕೆಮ್ಮಿ ನಿಂತುಬಿಡುತ್ತಿತ್ತು. ಹಿಂದೆ ಎಳೆದುಕೊಂಡು ಹೋಗುವ ಗಾಳ ಈಜುವ ಮೀನಿನ ಹಾಗೆ ಕಾಣಬೇಕು; ಓಡುವ ಗಾಳಕ್ಕೆ ಸುರ್ಮಾಯಿ ಮೀನು ಬಾಯಿ ಹಾಕುವುದಿಲ್ಲ. ಅದಕ್ಕೆ ಕರಾವಳಿಯ ಆಳು ಧರ್ಮಣ್ಣ ಒಂದು ಉಪಾಯ ಮಾಡಿದ್ದ. ಎರಡು ಕಬ್ಬಿಣದ ಬಾಲ್ದಿಗೆ ಹಗ್ಗ ಕಟ್ಟಿ ಬೋಟಿನ ಹಿಂದೆ ನೀರಿಗೆ ಬಿಡುವುದು. ಬಾಲ್ದಿಯೊಳಗೆ ನೀರು ತುಂಬಿ ಬೋಟನ್ನು ಹಿಂದಕ್ಕೆ ಜಗ್ಗುತ್ತಿತ್ತು. ಭಾನುವಾರದ ಅತಿಥಿಗಳಿಗೆ ಸೇಠ, "ಯೇ ಮೇರಾ ಐಡಿಯಾ" ಎಂದು ಕೊಚ್ಚಿಕೊಳ್ಳುತ್ತಿದ್ದ. ಧರ್ಮಣ್ಣ ಹಲ್ಲು ಕಿರಿಯುತ್ತಿದ್ದ.

ಆ ಧರ್ಮಣ್ಣ ಈಗಿಲ್ಲ.

ಎಂಜಿನ್ ನಡೆಸುವ ಉಸ್ಮಾನ ವಿಜಾಪುರದ ಕಡೆಯವನು. ಅಂಧೇರಿಯ ಗ್ಯಾರೇಜಿನಲ್ಲಿ ಟ್ರಕ್ಕಿನ ಕೆಳಗೆ ಮಲಗಿ ಕೆಲಸ ಕಲಿತವನು, ಈಜು ಬಾರದವನು. ಧರ್ಮಣ್ಣ ಹೋದ ದಿನ ಬೋಟಿನಲ್ಲಿ ಇದ್ದವರು ಸೇಠ, ಧರ್ಮಣ್ಣ, ಉಸ್ಮಾನ ಮೂವರೇ. ಭರತ ಮುಗಿದು ಸಮುದ್ರದ ನೀರು ಇಳಿಯುತ್ತಿತ್ತು. ಪೂರಾ ಇಳಿದರೆ ವರ್ಸೋವಾ ಖಾಡಿ ಸಮುದ್ರ ಸೇರುವ ಬಾಯಲ್ಲಿ ಬೋಟು ಮರಳಿಗೆ ಸಿಕ್ಕಿಕೊಳ್ಳುತ್ತದೆ. ಸೇಠನಿಗೆ ಸಾಂತಾಕ್ರೂಜಿನಲ್ಲಿ ಪಾರ್ಟಿ, ಅವಸರ. ಧರ್ಮಣ್ಣ ಹಗ್ಗದ ಗಂಟು ಬಿಚ್ಚಿ, ಮುಂಗೈಗೆ ಸುತ್ತಿಕೊಂಡು ಬಾಲ್ದಿ ಎಳೆಯುತ್ತಿದ್ದ.

"ಉಸ್ಮಾನಣ್ಣ, ಸ್ವಲ್ಪ ನಿಲ್ಲಿಸಿ ಮಾರಾಯ್ರೆ!"

ಸೇಠ ಉಸ್ಮಾನನ ಕೈ ತಳ್ಳಿ ತಾನೇ ಲಿವರ್ ಪೂರಾ ಒತ್ತಿದ. ಬಾಲ್ದಿ ಹಗ್ಗವನ್ನು ಜಗ್ಗಿತು, ಹಗ್ಗ ಧರ್ಮಣ್ಣನನ್ನು ನೀರಿಗೆಳೆಯಿತು.

"ಸೇಠ್‌ಜಿ, ಆದ್ಮಿ ಗಿರ್ ಗಯಾ!" ಎಂದು ಉಸ್ಮಾನ ಕೂಗಿದ.

"ತೈರ್ ಕೆ ಆಯೇಗಾ. ಚಲೋ!" ಸಮುದ್ರದ ಊರಿನವನಲ್ಲವಾ, ಈಜಿ ಬರುತ್ತಾನೆ ಎಂದ ಸೇಠ.

ಧರ್ಮಣ್ಣ ಬರಲಿಲ್ಲ. ಪೊಲೀಸ್ ಚೌಕಿಯಲ್ಲಿ ಸೇಠ, ಅವನು ಕುಡಿದು ಬಿದ್ದ ಎಂದ. ಹೌದಾ ಎಂದು ಉಸ್ಮಾನನನ್ನು ಕೇಳಿದರು. ಅವನು ನೆಲ ನೋಡುತ್ತ ಹೌದೆಂದು ತಲೆಯಾಡಿಸಿದ. ಕೆಲಸ ಉಳಿಯಿತು.

ಅಂದಿನಿಂದ ಬೋಟು ತಾನಾಗಿಯೇ ನಿಧಾನವಾಯಿತು. ಬಾಲ್ದಿ ಬಿಡದಿದ್ದರೂ ಹಿಂದೆ ಯಾರೋ ಜಗ್ಗಿ ಹಿಡಿದ ಹಾಗೆ. ಉಸ್ಮಾನ ಬೋಟಿನ ತಳ ಕೆರೆದು ತೊಳೆದ. ಏನೂ ಇರಲಿಲ್ಲ. ಆದರೂ ಎಂಜಿನ್ ಸದ್ದಿನ ನಡುವೆ ಮಾತು ಕೇಳುತ್ತಿತ್ತು: ಸ್ವಲ್ಪ ನಿಲ್ಲಿಸಿ ಮಾರಾಯ್ರೆ. ಚಾಳಿನ ನಲ್ಲಿಯ ಕೆಳಗೆ ಬಾಲ್ದಿ ತುಂಬುವ ಸದ್ದಿಗೂ ಬೆಚ್ಚಿಬೀಳತೊಡಗಿದ. ಹೆಂಡತಿ ಜೈತುನಬಿ ಮಣ್ಣಿನ ಕೊಡ ತಂದಳು.

"ಬಾಲ್ದಿ ಎತ್ತಿಟ್ಟೀನಿ. ನಿಮ್ಮ ಹೊಟ್ಟ್ಯಾಗಿನ ಮಾತ ನಾ ಎಲ್ಲಿ ಎತ್ತಿಡ್ಲಿ?" ಅಂದಳು.

ಒಂದು ಭಾನುವಾರ ಧರ್ಮಣ್ಣನ ಹೆಂಡತಿ ವಾರಿಜಾ ಬೋಟು ನಿಲ್ಲುವ ಧಕ್ಕೆಗೆ ಬಂದಳು.

"ಅಣ್ಣಾ, ಕುಡುಕನ ಹೆಂಡತಿ ಅಂತ ಜನ ನಗ್ತಾರೆ. ಆವತ್ತು ಅವರು ಕುಡಿದಿದ್ರಾ? ಅಷ್ಟು ಹೇಳಿ ಸಾಕು."

"ಇಲ್ಲ ತಂಗಿ" ಎಂದ ಉಸ್ಮಾನ.

"ಹಾಗಾದ್ರೆ ನಾಲ್ಕು ಜನರ ಎದುರು ಹೇಳಿ. ನಾನು ಇಲ್ಲೇ ಕಾಯ್ತೇನೆ."

ಧಕ್ಕೆಯ ಕೋಲಿ ಜಾತಿಯ ಮೀನುಗಾರರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆ ಬೋಟಿನ ಹಿಂಬದಿಯಲ್ಲಿ ಕೂರಲು ಅವರಲ್ಲಿ ಒಬ್ಬನೂ ಬರಲಿಲ್ಲ. ಸೇಠ ಬೈದ, ಆಸೆ ತೋರಿಸಿದ, ಕೊನೆಗೆ ಆಳಿಲ್ಲದೆಯೇ ಅತಿಥಿಗಳನ್ನು ಹತ್ತಿಸಿಕೊಂಡು ಹೊರಟ. ಐಡಿಯಾ ತನ್ನದೆಂದು ಕೊಚ್ಚಿಕೊಂಡು, ಅತಿಥಿಗಳಿಗೆ ತೋರಿಸಲು ಬಾಲ್ದಿ ಬಿಡಿಸಿದ. ಬೋಟು ಹೆಣ ಹೊತ್ತವರ ಹಾಗೆ ನಡೆಯಿತು. ಸುರ್ಮಾಯಿ ಸಿಕ್ಕಿತು, ಅತಿಥಿಗಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ನೀರು ಇಳಿಯತೊಡಗಿತು.

"ಬಾಲ್ದಿ ಆಪ್ ಖೀಂಚೋ, ಸೇಠ್‌ಜಿ" ಎಂದ ಉಸ್ಮಾನ. ತಾನು ಎಂಜಿನ್ ಬಿಟ್ಟು ಬಾಲ್ದಿ ಎಳೆಯಲು ಬರುವಂತಿಲ್ಲ ಎಂದ.

ಐಡಿಯಾ ತನ್ನದೆಂದು ಆಗತಾನೆ ಹೇಳಿದ್ದ ಸೇಠ ಅತಿಥಿಗಳ ಎದುರು ಒಲ್ಲೆ ಎನ್ನುವುದು ಹೇಗೆ? ನಗುತ್ತ ಹಿಂದೆ ಹೋದ. ಗಂಟು ಬಿಚ್ಚಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ. ಸುತ್ತಿಕೊಂಡ ಮೇಲೆ ಏನೋ ನೆನಪಾಗಿ ತಿರುಗಿ ನೋಡಿದ. ಉಸ್ಮಾನನ ಕೈ ಲಿವರ್ ಮೇಲಿತ್ತು.

"ಉಸ್ಮಾನ್, ರುಕೋ! ಹಾಥ್ ಮತ್ ಲಗಾ! ರುಕೋ!" ಕೈ ಹಾಕಬೇಡ, ನಿಲ್ಲು ಎಂದು ಸೇಠ ಚೀರಿದ.

ಅತಿಥಿಗಳ ನಗು ನಿಂತಿತು. ಇಷ್ಟೇಕೆ ಹೆದರಿಕೆ ಎಂದು ಒಬ್ಬ ಕೇಳಿದ.

ಸೇಠನನ್ನು ನೀರಿಗೆಳೆಯಲು ಲಿವರಿನ ಒಂದು ಒತ್ತು ಸಾಕಿತ್ತು. ಉಸ್ಮಾನ ಎಂಜಿನ್ ಬಂದ್ ಮಾಡಿದ. ಸಮುದ್ರ ಒಮ್ಮೆಲೇ ಸುಮ್ಮನಾಯಿತು. ಧರ್ಮಣ್ಣ ಕುಡಿದಿರಲಿಲ್ಲ ಎಂಬುದನ್ನೂ, ಲಿವರ್ ಒತ್ತಿದ ಕೈ ಯಾರದೆಂಬುದನ್ನೂ ಅತಿಥಿಗಳಿಗೆ ಹಿಂದಿಯಲ್ಲಿ ಹೇಳಿದ. ತಾನು ಚೌಕಿಯಲ್ಲಿ ಸುಳ್ಳಿಗೆ ತಲೆಯಾಡಿಸಿದ್ದನ್ನೂ ಹೇಳಿದ. ಧಕ್ಕೆಯಲ್ಲಿ ವಾರಿಜಾ ಕಾಯುತ್ತಿದ್ದಾಳೆ, ಅವಳ ಎದುರೂ ಹೇಳುತ್ತೇನೆ ಎಂದ. ಆಮೇಲೆ ಸೇಠನ ಕಡೆ ತಿರುಗಿದ. ಆಗ ಬಾಯಿಗೆ ಬಂದದ್ದು ಅವನ ಊರಿನ ಮಾತು.

"ನಿಲ್ಲಿಸು ಅಂದ್ರ ನಿಲ್ತದ ಈ ಬೋಟ್. ಆವತ್ತೂ ನಿಲ್ತಿತ್ತು."