ಎದುರುಗಾಳಿಗೆ ಹೊಲಿದದ್ದು

“ಹರೀಬ್ಯಾಡ್ರಿ!” ಸತ್ತೆವ್ವ ದುರ್ಗಪ್ಪನ ಕೈಯಿಂದ ಕತ್ತರಿ ಕಿತ್ತುಕೊಂಡಳು.

ಪಕ್ಕದ ಮನೆಯ ದುರ್ಗಪ್ಪನಿಗೆ ಏನೂ ತಿಳಿಯಲಿಲ್ಲ. ಅಂಗಳದಲ್ಲಿ ಆಕೆಯ ಗಂಡ ದ್ಯಾಮಪ್ಪನ ಹೆಣ, ಟ್ರಂಕಿನಲ್ಲಿ ಹೊಚ್ಚ ಹೊಸ ಬಿಳಿ ಬಟ್ಟೆ. ಹೇಳಿಕೇಳಿ ಟೇಲರು, ತನಗೆ ಹೊದಿಸುವುದನ್ನು ತಾನೇ ತೆಗೆದಿಟ್ಟು ಹೋಗಿದ್ದಾನೆ ಅಂದುಕೊಂಡಿದ್ದ.

“ಮತ್ತ ಇದೇನ ಯಕ್ಕಾ?”

“ಹಾಯಿ. ದೋಣೀದು.”

ಕೂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೆಣದ ಮುಂದೆ ನಗಬಾರದೆಂಬ ಖಬರು ಆಮೇಲೆ ಬಂತು. ಬಂಗೂರನಗರದಲ್ಲಿ ದ್ಯಾಮಪ್ಪನಿಗೆ ಎರಡು ವರ್ಷದಿಂದ ಒಂದೇ ಹೆಸರು, ಮುಳುಗಿಸೋ ದ್ಯಾಮಪ್ಪ. ಸತ್ತೆವ್ವ ಸಿಟ್ಟಿನಿಂದ ಎದ್ದು ಅಂಬಿಗ ಉಳವಪ್ಪನತ್ತ ತಿರುಗಿದಳು.

“ನಮ್ಮನಿಯವ್ರು ಆ ಹೆಸರು ಹೊತ್ಕೊಂಡು ಮಣ್ಣಿಗೆ ಹೋಗೂದು ಬ್ಯಾಡ. ಉಳವಪ್ಪ, ಇದನ್ನ ನಿನ್ನ ದೋಣಿಗೆ ಕಟ್ಟು. ಕಟ್ಟೂತನಕ ಹೆಣ ಎತ್ತಗೊಡೂದಿಲ್ಲ.”

* * *

ಅರವತ್ತೆರಡರಲ್ಲಿ ಕಾಗದದ ಗಿರಣಿಯ ಸಾಹೇಬರೊಬ್ಬರು ಕಾಳಿ ಹೊಳೆಯಲ್ಲಿ ವಿಹಾರಕ್ಕೆಂದು ಪುಟ್ಟ ದೋಣಿ ತರಿಸಿದರು. ವಿಲಾಯತಿ ಪತ್ರಿಕೆಯಲ್ಲಿದ್ದ ಪಂದ್ಯದ ಹಾಯಿಯ ಚಿತ್ರ ಕೊಟ್ಟು, ಇಂಥದ್ದೇ ಬೇಕು ಎಂದರು. ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುತ್ತಿದ್ದ ದ್ಯಾಮಪ್ಪ ಅಷ್ಟೇ ಎತ್ತರದ, ತಾಡಪತ್ರಿಯಷ್ಟೇ ಚಪ್ಪಟೆಯಾದ ಹಾಯಿ ಹೊಲಿದ. ಮೊದಲ ದಿನವೇ ದೋಣಿ ಮಗುಚಿತು. ಸಾಹೇಬರು ಪ್ಯಾಂಟು ಹಿಂಡಿಕೊಂಡು ಮನೆಗೆ ಹೋದರು. ದೋಣಿಯನ್ನು ಜೊತೆಗಿದ್ದ ಅಂಬಿಗ ಉಳವಪ್ಪನಿಗೆ ಕೊಟ್ಟು ಕೈತೊಳೆದುಕೊಂಡರು.

ದ್ಯಾಮಪ್ಪ ಮಾತ್ರ ಬಿಡಲಿಲ್ಲ. ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದು ಬಟ್ಟೆ ಬಿಡಿಸುತ್ತಿದ್ದ, ಮತ್ತೆ ಮಡಚುತ್ತಿದ್ದ. ಒಂದು ಮಧ್ಯಾಹ್ನ ಹೆಂಡತಿಯ ಕುಪ್ಪಸ ಹೊಲಿಯುತ್ತ ಥಟ್ಟನೆ ಮಷಿನ್ ನಿಲ್ಲಿಸಿದ.

“ಸತ್ತಿ, ಕುಪ್ಪಸದ ತುಂಡು ನೆಟ್ಟಗ ಕತ್ತರಸ್ತೀನೇನ? ಬಾಗಿಸಿ ಕತ್ತರಸ್ತೀನಿ. ಕೂಡಿಸಿ ಹೊಲದ್ರ ಅದಕ್ಕ ಮೈ ಬರ್ತೈತಿ. ಗಾಳಿಗೂ ಮೈ ಐತಿ!”

“ನಾ ಏನ ಹಾಯಿಯೇನ?” ಎಂದು ಆಕೆ ಮೂತಿ ತಿರುವಿದ್ದಳು.

“ಆ ಚಿತ್ರದಾಗಿನ ಮೈ ಅಷ್ಟ ತೊಗೊಳ್ಳೂಣು, ಎತ್ತರ ಬಿಡೂಣು. ಸಣ್ಣ ದೋಣಿಗೆ ಅಷ್ಟೆತ್ತರ ಯಾಕ? ಎದುರುಗಾಳಿಗೂ ಹೋಗ್ತೈತಿ ನೋಡ.”

ಹೊಲಿದು ಮುಗಿಸಿದ. ಕಟ್ಟಿ ನೋಡುವ ಧೈರ್ಯ ಬರಲಿಲ್ಲ. ಇವತ್ತು ನಾಳೆ ಎನ್ನುತ್ತಲೇ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟ.

* * *

ದ್ಯಾಮಪ್ಪನಿಗೆ ಹೊಸ ಧೋತರ ಹೊದಿಸಿದರು.

“ಹೊತ್ತು ಮುಳುಗೂದರಾಗ ಮಣ್ಣಾಗಬೇಕಲ್ಲ,” ದುರ್ಗಪ್ಪ ಚಡಪಡಿಸಿದ.

“ನೀವು ಹೊಳಿ ದಂಡಿ ಹಿಡದು ನಡೀರಿ,” ಎಂದ ಉಳವಪ್ಪ ಹಾಯಿಯನ್ನು ಹೆಗಲಿಗೇರಿಸಿ. “ನಾ ಇದನ್ನ ಕಟ್ಟಿಕೊಂಡು ನೀರಾಗ ಬರ್ತೇನಿ.” ಆಗ ಸತ್ತೆವ್ವ ಹೆಣ ಎತ್ತಗೊಟ್ಟಳು.

ಮಸಣದ ದಾರಿ ಹೊಳೆಯ ಉದ್ದಕ್ಕೂ ಪಡುವಣಕ್ಕೆ. ಗಾಳಿಯೂ ಅಲ್ಲಿಂದಲೇ ಬೀಸುತ್ತಿತ್ತು.

“ಗಾಳಿ ಹಿಂದಿದ್ರ ಹಚ್ಚಡ ಕಟ್ಟಿದ್ರೂ ದೋಣಿ ಹೋಗ್ತೈತಿ. ಇದು ಎದುರಿಗೈತಿ ಯಕ್ಕಾ,” ಚಟ್ಟಕ್ಕೆ ಹೆಗಲು ಕೊಟ್ಟಿದ್ದ ದುರ್ಗಪ್ಪ ಮೆಲ್ಲಗೆ ಹೇಳಿದ.

ಹೊಳೆಯಲ್ಲಿ ಉಳವಪ್ಪ ಹಾಯಿ ಏರಿಸಿದ. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ಹಿಂದಕ್ಕೆ ಜಾರಿತು. ಉಳವಪ್ಪ ಹಗ್ಗ ಬಿಗಿದ. ಬಟ್ಟೆ ಮೈದುಂಬಿತು. ದೋಣಿ ಓರೆಯಾಗಿ ಆಚೆ ದಡದತ್ತ ಹೋಗಿ, ತಿರುಗಿ, ಮತ್ತೆ ಓರೆಯಾಗಿ ಈಚೆ ಬಂತು.

“ಏ, ನಮಗಿಂತ ಮುಂದ ಬಂತಲೇ!” ಹಿಂದಿನಿಂದ ಯಾರೋ ಕೂಗಿದರು. ಹೆಣದ ಮುಂದೆ ಹಲಗೆ ಬಾರಿಸುತ್ತಿದ್ದವನು ಬಡಿಯುವುದನ್ನು ಮರೆತ. ಸತ್ತೆವ್ವ ಅಳುತ್ತಲೇ ನಕ್ಕಳು.

ಅಷ್ಟರಲ್ಲಿ ಜೋರು ಗಾಳಿ ಬಂತು. ದೋಣಿ ಮಗ್ಗುಲಾಗಿ, ಅಂಚು ನೀರಿಗೆ ತಾಗಿತು. “ಮುಳುಗ್ತು!” ಎಂದರು. ಉಳವಪ್ಪ ಎದುರು ಅಂಚಿಗೆ ಜಿಗಿದು ಹೊರಕ್ಕೆ ಬೆನ್ನು ಚಾಚಿದ. ದಂಡೆಯ ಮೇಲೆ ದುರ್ಗಪ್ಪನೂ ಅದೇ ಕಡೆ ವಾಲಿದ, ಚಟ್ಟ ಹೊತ್ತ ಉಳಿದ ಮೂವರೂ ವಾಲಿದರು. ಜಾರುತ್ತಿದ್ದ ಗಂಡನ ಪಾದಗಳನ್ನು ಸತ್ತೆವ್ವ ಎರಡೂ ಕೈಯಿಂದ ಅವುಚಿ ಹಿಡಿದಳು, ನೀರಿನಿಂದ ಕಣ್ಣು ತೆಗೆಯದೆ.

ದೋಣಿ ನೆಟ್ಟಗಾಗಿ ಗಾಳಿಗೆದುರು ಸಾಗಿತು. ಚಟ್ಟ ಇನ್ನೂ ವಾಲಿಯೇ ಇತ್ತು.