ಹೊಟ್ಟು ಬೀಳದ ಅಂಗಳ

ದುಡ್ಡು ಕೊಟ್ಟು ಸೌದೆ ತರಿಸುವುದು ಆ ಊರಿನಲ್ಲಿ ಅಪರಾಧವೇನಲ್ಲ. ಆದರೆ ಸ್ವಂತ ಕಾಡಿರುವ, ಕೈಕಾಲು ನೆಟ್ಟಗಿರುವ ಗಂಡಸು ಸೌದೆ ಕೊಂಡನೆಂದರೆ ಜನ ಒಂದು ಮಾತೂ ಆಡದೆ ಸುಮ್ಮನಾಗಿಬಿಡುತ್ತಾರೆ. ಫಿನ್ಲೆಂಡಿನ ಆ ಮೂಲೆಯಲ್ಲಿ ಹಾಗೆ ಸುಮ್ಮನಾಗುವುದು ಬೈಗುಳಕ್ಕಿಂತ ಕಡೆ. ತೌನೋ ಹೆದರಿದ್ದು ಅದಕ್ಕೇ. ಪರವೂರಿನ ವ್ಯಾಪಾರಿಯಿಂದ, ಕಾಡಿನ ಹಿಂದಿನ ದಾರಿಯಲ್ಲಿ ಸೌದೆ ತರಿಸಿ ಕೊಟ್ಟಿಗೆಗೆ ತುಂಬಿ ಬೀಗ ಹಾಕುತ್ತಿದ್ದ. ಹೆಂಡತಿ ಸೈಮಿಯನ್ನು ಬಿಟ್ಟರೆ ಈ ಗುಟ್ಟು ಯಾರಿಗೂ ಗೊತ್ತಿಲ್ಲ ಎಂದೇ ನಂಬಿದ್ದ.

ಇದಕ್ಕೆಲ್ಲ ಕಾರಣ ಅವನ ಚೈನ್ ಗರಗಸ. ಕೆಲವು ವರ್ಷಗಳ ಹಿಂದೆ ಬರ್ಚ್ ಮರ ಕೊಯ್ಯುವಾಗ ಅದು ಗಂಟಿಗೆ ಬಡಿದು ಎಗರಿ ಅವನ ತೊಡೆ ಸೀಳಿತ್ತು. ಗಾಯ ಮಾಯಿತು, ಭಯ ಮಾಯಲಿಲ್ಲ. ಅಂದಿನಿಂದ ಗರಗಸ ಕೊಟ್ಟಿಗೆಯ ಅಟ್ಟ ಸೇರಿತು. ತೌನೋನ ಬಾಯಿ ಮಾತ್ರ ಅಟ್ಟ ಸೇರಲಿಲ್ಲ. ಪ್ರತಿ ವಸಂತದಲ್ಲೂ ಅಂಗಡಿ ಮುಂದೆ ನಿಂತು ಯಾವ ಮರ ಹೇಗೆ ಬಿತ್ತು, ಯಾವ ಗಂಟು ಎಷ್ಟು ಸತಾಯಿಸಿತು ಅಂತ ರೈಲು ಬಿಡುತ್ತಿದ್ದ. ಜನ ತಲೆಯಾಡಿಸಿ ಕೇಳುತ್ತಿದ್ದರು.

ಈ ವರ್ಷ ಪಕ್ಕದ ಮನೆಯ ಲೆಂಪಿಗೆ ಸೊಂಟದ ಆಪರೇಷನ್ ಆಯಿತು. ಒಂಟಿ ಮುದುಕಿ, ಸೌದೆ ಕೊಯ್ಯಲಾಗದು. ಊರವರು ತಾಲ್ಕೋತ್ ಕರೆದರು. ತಾಲ್ಕೋತ್ ಅಂದರೆ ಮುಯ್ಯಾಳು ಕೆಲಸ. ಕೂಲಿಯಿಲ್ಲ, ಕಾಫಿ ಉಂಟು, ಪ್ರತಿಯೊಬ್ಬನೂ ತನ್ನ ಗರಗಸ ತಾನೇ ತರಬೇಕು. ಅಂದು ರಕ್ತ ಸುರಿಯುತ್ತಿದ್ದ ತೌನೋನ ತೊಡೆಗೆ ತನ್ನ ತಲೆವಸ್ತ್ರ ಬಿಗಿದು ಆಸ್ಪತ್ರೆಗೆ ಒಯ್ದವಳು ಇದೇ ಲೆಂಪಿ. ಹೋಗದೆ ಉಳಿಯುವ ಹಾಗಿರಲಿಲ್ಲ.

"ಬೆನ್ನು ನೋವು ಅಂದ್ಬಿಡು," ಎಂದಳು ಸೈಮಿ.

"ಬೆನ್ನು ನೋವು ಹೋದ ವರ್ಷಾನೇ ಆಯ್ತಲ್ಲೇ."

"ಹಂಗಾದ್ರೆ ಮಂಡಿ ಅನ್ನು. ಮಂಡಿ ಇನ್ನೂ ಹಾಗೇ ಉಳಿದಿದೆ."

ತೌನೋಗೆ ನಗು ಬರಲಿಲ್ಲ. ಅಟ್ಟ ಹತ್ತಿ ಗರಗಸ ಇಳಿಸಿದ. ಮುಚ್ಚಳ ಬಿಚ್ಚಿದರೆ ಒಳಗೆ ಇಲಿ ಗೂಡು ಕಟ್ಟಿತ್ತು, ಅದೂ ಸೈಮಿಯ ಉಣ್ಣೆಯ ಕಾಲುಚೀಲದ ದಾರದಲ್ಲಿ. ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಅಂಟಾಗಿ ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಪೈಪು ಮುಟ್ಟಿದೊಡನೆ ಹಪ್ಪಳದ ಹಾಗೆ ಪುಡಿಯಾಯಿತು. ಪೇಟೆಗೆ ಹೋಗಿ ಹೊಸ ಪೈಪು ತಂದ. ಕಾರ್ಬೊರೇಟರನ್ನು ಬಿಚ್ಚಿ ತೊಳೆದು, ಕೂದಲೆಳೆಯಷ್ಟು ಸಣ್ಣ ತೂತುಗಳಿಗೆಲ್ಲ ಗಾಳಿ ಊದಿದ. ಪ್ಲಗ್ಗನ್ನು ತಂತಿ ಬ್ರಷ್ಷಿನಿಂದ ಉಜ್ಜಿದ. ತುಕ್ಕು ಹಿಡಿದ ಚೈನನ್ನು ಎಣ್ಣೆಯಲ್ಲಿ ನೆನೆಸಿ, ಒಂದೊಂದು ಹಲ್ಲಿಗೂ ಅರ ಹಾಕಿದ. ಕೈಗೆ ಕೆಲಸ ಮರೆತಿರಲಿಲ್ಲ. ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ತುಂಬಿ, ಚೋಕ್ ಎಳೆದು, ಹಗ್ಗ ಜಗ್ಗಿದ.

ಸದ್ದಿಲ್ಲ. ಮತ್ತೆ ಜಗ್ಗಿದ. ಸದ್ದಿಲ್ಲ. ಜಗ್ಗಿದಷ್ಟೂ ಅವನ ಮನಸ್ಸು ಹಗುರಾಗುತ್ತ ಬಂತು. ಕೆಟ್ಟ ಮಿಷನ್ನಿಗೆ ಯಾರೇನು ಮಾಡಲಾದೀತು? ಅಷ್ಟರಲ್ಲಿ ಅದು ಒಮ್ಮೆ ಕೆಮ್ಮಿತು. ಚೋಕ್ ಒಳಗೆ ತಳ್ಳಿ ಇನ್ನೊಮ್ಮೆ ಎಳೆದದ್ದೇ ತಡ, ನೀಲಿ ಹೊಗೆ ಉಗುಳಿ ಕೊಟ್ಟಿಗೆ ನಡುಗುವಂತೆ ಸ್ಟಾರ್ಟ್ ಆಯಿತು. ತೊಡೆಯ ಹಳೆ ಗಾಯ ಜುಮ್ಮೆಂದಿತು. ತೌನೋ ತಡಕಾಡಿ ಸ್ವಿಚ್ಚು ಒತ್ತಿ ನಿಲ್ಲಿಸಿದ. ಆಮೇಲೆ ಬಕೆಟ್ಟಿನ ಮೇಲೆ ಕೂತು ಸ್ವಿಚ್ಚು ಒತ್ತಿದ ತನ್ನ ಕೈಯನ್ನೇ ನೋಡಿದ. ನಲವತ್ತು ವರ್ಷ ಕಾಡಿನಲ್ಲಿ ಬೆವರು ಸುರಿಸಿದವನ ಕೈ. ಅವನಿಗೆ ಅವನ ಮೇಲೇ ಹೇಸಿಗೆಯಾಯಿತು.

ಶನಿವಾರ ಲೆಂಪಿಯ ಅಂಗಳದಲ್ಲಿ ಗರಗಸಗಳ ಗದ್ದಲ. ಹಿಮದ ಮೇಲೆ ಕೊಯ್ದ ಮರದ ಹಳದಿ ಹೊಟ್ಟು ಆಗಲೇ ಹರಡಿತ್ತು. ತೌನೋ ಒಂದು ದಿಮ್ಮಿಯ ಮುಂದೆ ನಿಂತ. ಯಾರೂ ನೋಡದಂತೆ ಹೆಬ್ಬೆರಳಿನಿಂದ ಸ್ವಿಚ್ಚನ್ನು ನಿಲ್ಲಿಸುವ ಕಡೆಗೆ ಸರಿಸಿದ. ಆಮೇಲೆ ಹಗ್ಗ ಎಳೆಯತೊಡಗಿದ, ಮೈಯೆಲ್ಲ ಬೆವರುವ ತನಕ.

"ಏನೋ ತೌನೋ, ಮಿಷನ್ನಿಗೂ ಪೆನ್ಶನ್ ಬಂತಾ?" ಕೂಗಿದವನು ಒನ್ನಿ. ಊರಿಗೊಬ್ಬನೇ ಮೆಕ್ಯಾನಿಕ್ಕು, ಬಾಯಿಯಂತೂ ನಾಲ್ಕಾಳಿನದು.

"ನಿನ್ನೆ ಚೆನ್ನಾಗೇ ಇತ್ತು ಮಾರಾಯ. ಇವತ್ತು ಯಾಕೋ ಮುನಿಸ್ಕೊಂಡಿದೆ."

"ಕೊಡಿಲ್ಲಿ, ಬಿಚ್ಚಿ ನೋಡೋಣ."

ಒನ್ನಿಯ ಕಣ್ಣಿಗೆ ಸ್ವಿಚ್ಚು ಬೀಳಲು ಒಂದು ಗಳಿಗೆಯೂ ಬೇಡ. ಅವನು ಹಿಮ ತುಳಿಯುತ್ತ ಬರುತ್ತಿದ್ದ. ಅವನಿಗಿಂತ ಮೊದಲೇ ಲೆಂಪಿ ಕೋಲೂರಿಕೊಂಡು ಬಂದಳು.

"ಸರಿಯೋ ಆಚೆ. ನನ್ನ ಗಂಡನ ಮಿಷನ್ನೂ ಹಿಂಗೇ ಹಟ ಮಾಡ್ತಿತ್ತು."

ಬಗ್ಗಿದಳು. ಅವಳ ಕಣ್ಣು ಸ್ವಿಚ್ಚಿನ ಮೇಲೆ ಬಿದ್ದದ್ದನ್ನು ತೌನೋ ನೋಡಿದ. ಅಲ್ಲೇ ನಿಂತಿತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಲೆಂಪಿ ಅವನ ಮುಖ ನೋಡಲಿಲ್ಲ. ಎಡಗೈಯನ್ನು ಹಿಡಿಯ ಮೇಲಿಟ್ಟು, ಹೆಬ್ಬೆರಳಿನಿಂದ ಸ್ವಿಚ್ಚನ್ನು ಪೂರ್ತಿ ಮುಚ್ಚಿ, ಬಲಗೈಯಿಂದ ಹಗ್ಗ ಎಳೆದಳು. ಸೊಂಟ ಹಿಡಿದುಕೊಂಡು, ಹಲ್ಲು ಕಚ್ಚಿ, ಇನ್ನೊಮ್ಮೆ ಎಳೆದಳು.

"ಸತ್ತೋಗಿದೆ ಇದು," ಎಂದು ಘೋಷಿಸಿದಳು. "ಒನ್ನಿ, ನೀನು ನಿನ್ನ ದಿಮ್ಮಿ ನೋಡ್ಕೋ ಹೋಗು. ಕೊಯ್ಯೋಕೆ ಜನ ಬೇಕಾದಷ್ಟಿದ್ದಾರೆ, ಜೋಡಿಸೋಕೇ ಯಾರೂ ಇಲ್ಲ. ತೌನೋ, ಬಾ ನನ್ ಜೊತೆ."

ಒನ್ನಿ ತನ್ನ ದಿಮ್ಮಿಗೆ ಹಿಂದಿರುಗಿದ.

ತೌನೋ ಲೆಂಪಿಯ ಕೊಟ್ಟಿಗೆಯ ಗೋಡೆಗೆ ಸೌದೆ ಒಟ್ಟತೊಡಗಿದ. ಆಪರೇಷನ್ ಆದ ಸೊಂಟದ ಮುದುಕಿ ಅವನ ಸುಳ್ಳಿನ ಹಗ್ಗವನ್ನು ತಾನೇ ಎಳೆದಿದ್ದಳು. ಕೊನೆಗೆ ತಡೆಯಲಾರದೆ ಪಿಸುಗುಟ್ಟಿದ, "ಲೆಂಪಿ, ಒನ್ನಿಗೆ ಹೇಳ್ಬೇಡ."

"ಏನಂತ?"

"ನಾನು ಕೊಯ್ಯಲ್ಲ ಅಂತ."

ಲೆಂಪಿ ಕೋಲಿಗೆ ಒರಗಿ ನಿಂತಳು. "ಒನ್ನಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಊರಿಗೇ ಗೊತ್ತು ಕಣೋ. ವಸಂತ ಬಂದ್ರೆ ಎಲ್ಲರ ಅಂಗಳದ ಹಿಮಾನೂ ಹೊಟ್ಟು ಬಿದ್ದು ಹಳದಿ ಆಗಿರತ್ತೆ. ನಿನ್ನದೊಂದು ಹಾಲಿನ ಥರ ಬೆಳ್ಳಗಿರತ್ತೆ. ರಸ್ತೆಯಿಂದಾನೇ ಕಾಣ್ಸತ್ತಲ್ಲೋ."

ತೌನೋನ ಕೈಯ ಸೌದೆ ಅಲ್ಲೇ ಉಳಿಯಿತು. ಹಿಂದಿನ ದಾರಿ ನೆನಪಿತ್ತು, ಕೊಟ್ಟಿಗೆಯ ಬೀಗ ನೆನಪಿತ್ತು, ಹೊಟ್ಟು ನೆನಪಾಗಿರಲಿಲ್ಲ. ಅಂಗಡಿ ಮುಂದೆ ತಾನು ಕೈ ಬೀಸಿ ಬೀಸಿ ಮರ ಉರುಳಿಸುತ್ತಿದ್ದದ್ದು, ಒನ್ನಿ ಗಂಭೀರವಾಗಿ "ಆಮೇಲೆ?" ಎಂದು ಕೇಳುತ್ತಿದ್ದದ್ದು ಒಂದೊಂದೇ ಕಣ್ಣಮುಂದೆ ಬಂದವು. ಅಷ್ಟೂ ಜನರ ಕಿವಿಗೆ ಹೂವಿಟ್ಟೆ ಎಂದುಕೊಂಡಿದ್ದ. ಅವರು ಅವನ ಮಾನಕ್ಕಾಗಿ ಹೂವು ಮುಡಿದು ನಿಂತಿದ್ದರು. ಕಿವಿಯ ತನಕ ಮುಖ ಬಿಸಿಯಾಯಿತು.

"ಬೇಕಾದ್ರೆ ಒಂದು ಚೀಲ ಹೊಟ್ಟು ತಗೊಂಡ್ಹೋಗು," ಎಂದಳು ಲೆಂಪಿ. ಅರ್ಧ ಕುಚೋದ್ಯ, ಅರ್ಧ ನಿಜ.

ಅವನು ಚೀಲ ಒಯ್ಯಲಿಲ್ಲ. ಕಾಫಿಯ ಹೊತ್ತಿಗೆ ಒನ್ನಿ ಅವನಿಗೆ ಬನ್ನಿನ ತಟ್ಟೆ ಚಾಚಿ, "ರಾಶಿ ಚೆನ್ನಾಗಿ ಒಟ್ಟಿದ್ದೀಯ, ಬೀಳಲ್ಲ," ಎಂದ. ತೌನೋ ಬನ್ನು ತೆಗೆದುಕೊಂಡ, ಕಣ್ಣು ಎತ್ತಲಾಗಲಿಲ್ಲ.

ಮನೆಗೆ ಬಂದಾಗ ಸೈಮಿ ಮೆಟ್ಟಿಲಲ್ಲೇ ಕಾಯುತ್ತಿದ್ದಳು. ಅವನ ಕೋಟಿಗೆ ಅಂಟಿದ ಹೊಟ್ಟು ಕಂಡು ಮುಖ ಅರಳಿತು. "ಕೊಯ್ದೆಯಾ?"

ಹೂಂ ಅನ್ನುವುದು ಎಷ್ಟು ಸುಲಭವಿತ್ತು. ಬಾಯಿಗೆ ಬಂದೂ ಇತ್ತು.

"ಇಲ್ಲ ಕಣೇ. ಒಟ್ಟಿದೆ ಅಷ್ಟೇ. ಅವರಿಗೆಲ್ಲ ಮೊದಲಿಂದಾನೂ ಗೊತ್ತಂತೆ."

ಸೈಮಿ ಅವನ ಕೋಟು ಬಿಚ್ಚಿಸಿಕೊಂಡು ಮೆಟ್ಟಿಲ ಪಕ್ಕದ ಕಟಕಟೆಯ ಮೇಲಿಂದ ಕೊಡವಿದಳು. ಒಂದು ಹಿಡಿ ಹಳದಿ ಹೊಟ್ಟು ಅಂಗಳದ ಬಿಳಿ ಹಿಮದ ಮೇಲೆ ಉದುರಿತು.

"ಅವರಿಗೆ ಗೊತ್ತಿರೋದು ನಂಗೂ ಗೊತ್ತಿತ್ತು," ಎಂದಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

ಅವಳು ಕೋಟಿನ ತೋಳು ಕೊಡವುತ್ತಲೇ ಇದ್ದಳು. "ಹೆಂಗೆ ಹೇಳ್ಲಿ? ಆ ಮರಗಳ ಕಥೇನ ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ."