ಉಂಡು ಹೋದ ಸಮಿತಿ

ಆಷಾಢದ ಗಾಳಿ ಬೀಸುತ್ತಿತ್ತು. ಬೆಟಗೇರಿಯ ಯಮನವ್ವ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ದೊಡ್ಡ ಅಂಚಿನ ಸೀರೆ ನೇಯುತ್ತಿದ್ದಳು. ನೇಕಾರರ ಸಂಘದ ಅಧ್ಯಕ್ಷ ಹನುಮಪ್ಪ, ಅವಳ ಒಡಹುಟ್ಟಿದ ಅಣ್ಣ, ಕೈಯಲ್ಲಿ ಕಾಗದ ಹಿಡಿದು ಬಂದು ಹೊಸ್ತಿಲ ಬಳಿ ಕುಳಿತ.

ಇಂಥ ಸೀರೆಗಳನ್ನು ಕೈಮಗ್ಗದವರೇ ನೇಯಬೇಕೆಂಬ ಮಸೂದೆಯ ಬಗ್ಗೆ ಕೇಳಲು ಚೈತ್ರದಲ್ಲಿ ಶಾಸಕರ ಸಮಿತಿ ಬಂದಿತ್ತು. ನೇಕಾರರ ಪರವಾಗಿ ಮಾತಾಡಬೇಕಾದವಳು ಯಮನವ್ವ. "ಮದ್ಲ ಉಣ್ಣಲಿ, ತಂಗಿ. ಉಣ್ಣೋ ಮಂದಿ ಮುಂದ ತಕರಾರು ತಗೀಬಾರದು" ಎಂದು ಹನುಮಪ್ಪ ತಡೆದಿದ್ದ. ಅವಳು ಹೋಳಿಗೆ ಬಡಿಸಿ ಕೈ ತೊಳೆಯುವಷ್ಟರಲ್ಲಿ ಕಾರುಗಳು ಹೊರಟಿದ್ದವು.

"ಸಮಿತಿ ವರದಿ ಬಂತವಾ. ಪವರ್‌ಲೂಮಿನವ್ರೂ ನೇಯಬಹುದಂತ."

"ನಮ್ಮನ್ನ ಕೇಳಲೇ ಇಲ್ಲಲ್ಲೋ ಅಣ್ಣಾ!"

"ನೇಕಾರರ ತಕರಾರು ಇಲ್ಲಂತ ಬರದಾರ."

"ಹಂಗಂತ ಯಾರ್ ಹೇಳಿದ್ರು?"

ಅವನು ಕಾಗದ ಮಡಚತೊಡಗಿದ. ಅವಳು ಕಸಿದುಕೊಂಡು ನೋಡಿದಳು. ವರದಿಯ ಕೊನೆಗೆ ಸಂಘದ ಒಪ್ಪಿಗೆ ಪತ್ರವಿತ್ತು, ಅದರಡಿ ಅಣ್ಣನ ಸಹಿ. ದಿನಾಂಕ ಊಟದ ಹಿಂದಿನ ದಿನದ್ದು.

"ಮುತ್ತುರಾಜ ಎರಡು ಪವರ್‌ಲೂಮ್ ಹಾಕ್ಯಾನವಾ," ಎಂದ ಹನುಮಪ್ಪ. "ನನ್ನ ಮಗನೂ ಬದಕಬೇಕಲಾ?"

"ಬದಕಲಿ. ನಿನ್ನ ಮಗಳು ವಿದ್ಯಾಶ್ರೀ ಮದವಿಗೆ ನಾ ಕೊಡ್ತೀನಂದಿದ್ದ ಸೀರಿ ಇದ. ಇನ್ನ ಅವರಣ್ಣನ ಕಡೇನ ನೇಯಿಸಿ ಉಡಸು."

ಲಾಳಿ ಮತ್ತೆ ಓಡಿತು. ಅಣ್ಣನಿಗೆ ಚಹಾ ಇಡಲು ಅವಳು ಏಳಲಿಲ್ಲ.